ಸ್ಕ್ಯಾನ್ ಯಂತ್ರಕ್ಕೊಂದು ಶರಣಾರ್ಥಿ

ಅಂಬತ್ತೂರು, ಮೇ 2003

ಅಣ್ಣಾನಗರದ ಸ್ಕ್ಯಾನ್ ಕೇಂದ್ರವೊಂದರ ನೆಲಮಾಳಿಗೆಯಲ್ಲಿ ವಿರಾಜಮಾನರಾಗಿರುವ ಎಂ.ಆರ್.ಐ. ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಶರಣು ಶರಣಾರ್ಥಿ. ಈ ಬಿಸಿಲಿನಲ್ಲಿ ಇಡೀ ಚೆನ್ನೈ ಬೇಯುತ್ತಿರುವಾಗ ತಾವೊಬ್ಬರು ಶಾಲು ಹೊದೆಯುವಷ್ಟು ತಂಪಿನಲ್ಲಿ ಕ್ಷೇಮವಾಗಿರುವುದನ್ನು ಕಣ್ಣಾರೆ ಕಂಡು ಬಂದಿರುವುದರಿಂದ ತಮ್ಮ ಆರೋಗ್ಯ ವಿಚಾರಿಸುವ ಅಗತ್ಯ ಕಾಣುವುದಿಲ್ಲ. ನಾನು ರೇವಣಸಿದ್ದಪ್ಪ, ದಾವಣಗೆರೆಯವನು, ಹನ್ನೆರಡು ವರ್ಷದಿಂದ ಅಂಬತ್ತೂರಿನ ಕಾರ್ಖಾನೆಗಳಿಗೆ ಬೇರಿಂಗ್ ಮಾರಿಕೊಂಡು ಬದುಕಿರುವವನು. ತಮ್ಮ ಬಾಯೊಳಗೆ ಹೋಗಿ ಬಂದ ಬಸವಣ್ಣೆಮ್ಮ ನನ್ನ ಹೆಂಡತಿ.

ಯುಗಾದಿಯ ಹೊತ್ತಿಗೆ ಆಕೆಯ ಎಡಗೈ ಮೊದಲು ಲೋಟ ಕೈಬಿಟ್ಟಿತು, ಆಮೇಲೆ ಸಾರಿನ ಪಾತ್ರೆ. ಇಷ್ಟಕ್ಕೆಲ್ಲ ಆಸ್ಪತ್ರೆ ಹತ್ತುವ ಹೆಂಗಸಲ್ಲ. ಆದರೆ ಒಂದು ಬೆಳಿಗ್ಗೆ ಪೂಜೆಯಲ್ಲಿ ಅಂಗೈ ಮೇಲಿದ್ದ ಇಷ್ಟಲಿಂಗ ಜಾರಿ ಮಡಿಲಿಗೆ ಬಿತ್ತು. ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡರೆ ಸಾಯುವವರೆಗೂ ಮೈಯಿಂದ ದೂರ ಮಾಡದಿರುವುದು, ದಿನವೂ ಎಡಗೈಯಲ್ಲಿಟ್ಟು ಪೂಜಿಸುವುದು ನಮ್ಮ ಪದ್ಧತಿ. ಅದು ನೆಲಕ್ಕೆ ಬೀಳುವುದೆಂದರೆ ಮನೆಯೇ ಬಿದ್ದ ಹಾಗೆ. ಇವತ್ತು ಮಡಿಲಿಗೆ ಬಿದ್ದದ್ದು ನಾಳೆ ನೆಲಕ್ಕೆ ಬಿದ್ದರೆ ಗತಿಯೇನೆಂದು ಆಕೆ ಆವತ್ತು ಉಣ್ಣಲಿಲ್ಲ. ಡಾಕ್ಟರು, ಕತ್ತಿನ ನರವೋ ಮಿದುಳೋ ನೋಡಿಸಬೇಕು, ತಡ ಮಾಡಬೇಡಿ ಎಂದರು. ಮಿದುಳು ಎಂಬ ಮಾತು ಕೇಳಿದ್ದೇ ನಾನು ತಮ್ಮ ಕೌಂಟರಿಗೆ ಓಡಿ ಬಂದೆ.

ತಮ್ಮ ಕೌಂಟರಿನ ಆತಿಥ್ಯವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ತಮಿಳಿನಲ್ಲಿ ಕನ್ನಡದ ವಾಸನೆ ಹತ್ತಿದ ಕೂಡಲೇ ಅಲ್ಲಿನ ಹೆಣ್ಣುಮಗಳು ನಮ್ಮನ್ನು ಹೊರರಾಜ್ಯದ ರೋಗಿಗಳ ಪ್ಯಾಕೇಜಿಗೆ ಸೇರಿಸಿದಳು. ಸೆಂಟ್ರಲ್ ಸ್ಟೇಷನ್ನಿನಿಂದ ಕಾರು, ತ್ರಿಪ್ಲಿಕೇನಿನ ಲಾಡ್ಜಿನಲ್ಲಿ ರೂಮು, ಭಾಷಾಂತರಕ್ಕೊಬ್ಬ ಮನುಷ್ಯ, ಎಲ್ಲ ಸೇರಿ ಸ್ಥಳೀಯರ ದರದ ಒಂದೂವರೆ ಪಟ್ಟು. ನಮ್ಮ ಮನೆ ಇಲ್ಲೇ ಇದೆಯೆಂದು ರೇಷನ್ ಕಾರ್ಡು ತೋರಿಸಿದೆ. ಕಂಪ್ಯೂಟರಿಗೆ ಒಮ್ಮೆ ಹಾಕಿದ್ದನ್ನು ತೆಗೆಯಲು ಬರುವುದಿಲ್ಲವಂತೆ. ಆದ್ದರಿಂದ ಮುಂದಿನ ಸಲ ನಾವು ಅಂಬತ್ತೂರಿನಿಂದ ಲೋಕಲ್ ರೈಲು ಹಿಡಿದು ಸೆಂಟ್ರಲ್ಲಿಗೆ ಹೋಗಿ ನಿಂತಿರುತ್ತೇವೆ, ತಾವು ದಯಮಾಡಿ ಕಾರು ಕಳಿಸಿ ಕರೆಸಿಕೊಳ್ಳಬೇಕು. ಲಾಡ್ಜಿನ ರೂಮಿನಿಂದ ಆ ಭಾಷಾಂತರದ ಮನುಷ್ಯನನ್ನೂ ಎಬ್ಬಿಸಿಕೊಂಡು ಬರಬೇಕು, ಅವನು ಎರಡು ಸಲವೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಮೊದಲ ದಿನ ತಮ್ಮ ಬಾಗಿಲಲ್ಲಿ ಟೆಕ್ನಿಷಿಯನ್ ಭೋಜರಾಜ, ಒಳಗೆ ಲೋಹ ಬರಬಾರದೆಂದು, "ಅಮ್ಮಾ, ಎಲ್ಲಾಮೇ ಕಳಟ್ಟುಂಗ" ಎಂದರು. ಬಸವಣ್ಣೆಮ್ಮ ಬಳೆ ಕಳಚಿದಳು, ಓಲೆ ಕಳಚಿದಳು, ಕೊನೆಗೆ ನಾನು ಕಟ್ಟಿದ ತಾಳಿಯನ್ನು ತರಕಾರಿ ಚೀಲ ಕೊಡುವಷ್ಟು ಸಲೀಸಾಗಿ ನನ್ನ ಕೈಗಿಟ್ಟಳು. ಕರಡಿಗೆಯನ್ನು ಮಾತ್ರ ಎರಡೂ ಕೈಯಿಂದ ಮುಚ್ಚಿಕೊಂಡಳು. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಾಗ, "ಅದು ನೀವು ಕಟ್ಟಿದ್ದು ಕಣ್ರಿ, ಕಳದ್ರೆ ಇನ್ನೊಂದು ಕಟ್ಟಿದ್ರಾತು. ಇದು ಗುರು ಕಟ್ಟಿದ್ದು" ಎಂದಳು. ನಾನು ಹಿಡಿದುಕೊಂಡಿರುತ್ತೇನೆ ಎನ್ನುವಂತೆಯೂ ಇಲ್ಲ, ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಹಾಗೇ ವಾಪಸು ಬಂದೆವು. ಆಕೆಯ ಮುಖ ಸಹ ನೋಡದೆ ತಾವು ಅರ್ಧ ಹಣ ಹಿಡಿದುಕೊಂಡಿರಿ. ಬೇರಿಂಗ್ ನೋಡಿ, ಕೊಳ್ಳದೆ ಹೋಗುವ ಗಿರಾಕಿಗಳಿಂದ ಅರ್ಧ ಬೆಲೆ ವಸೂಲಿ ಮಾಡುವ ಈ ವಿದ್ಯೆಯನ್ನು ನನಗೂ ಕಲಿಸಿಕೊಡಬೇಕಾಗಿ ಪ್ರಾರ್ಥನೆ.

ಆ ವಾರವೆಲ್ಲ ನಾನು ಬೈದೆ, ಗೋಗರೆದೆ. ಕೊನೆಗೊಂದು ರಾತ್ರಿ, ನಿನಗೇನಾದರೂ ಆದರೆ ಈ ಊರಲ್ಲಿ ನನಗೆ ಯಾರಿದ್ದಾರೆ ಎಂದೂ ಅಂದುಬಿಟ್ಟೆ, ಅಂಥ ಮಾತಾಡುವ ಅಭ್ಯಾಸ ನನಗಿಲ್ಲ. ಮಾರನೆಯ ಬೆಳಿಗ್ಗೆ ಆಕೆ ಕರಡಿಗೆ ಬಿಚ್ಚಿ, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿಕೊಂಡು, "ಲೋಹ ತಾನೆ ಅವ್ರಿಗೆ ಬ್ಯಾಡ? ಬೆಳ್ಳಿ ಮನ್ಯಾಗಿರ್ಲಿ. ಲಿಂಗ ನನ್ನ ಕೈಯಾಗಿರ್ತೈತಿ" ಎಂದು ಹೊರಟು ನಿಂತಳು. ಭೋಜರಾಜ ಅವರು ಲಿಂಗ ಮುಟ್ಟದೆ ಅದರ ಹತ್ತಿರ ಅಯಸ್ಕಾಂತ ಹಿಡಿದು ನೋಡಿ ಒಪ್ಪಿದರು. ಕೈ ಅಲುಗಿದರೆ ಮಾತ್ರ ಚಿತ್ರ ಕೆಡುತ್ತದೆ, ಮತ್ತೆ ಪೂರ್ತಿ ಹಣ ಕಟ್ಟಬೇಕು ಎಂದರು.

ಲೋಟ ಹಿಡಿಯಲಾರದ ಅದೇ ಎಡಗೈಯಲ್ಲಿ ಲಿಂಗ ಹಿಡಿದು ಆಕೆ ಮಲಗಿದಳು. ತಾವು ಅರ್ಧ ಗಂಟೆ ತಗಡಿನ ಅಂಗಡಿಯ ಹಾಗೆ ಬಡಿದಿರಿ. ಆ ಕೈ ಅಲುಗಲಿಲ್ಲ. ಗಾಜಿನ ಈಚೆ ನಿಂತ ನಾನು ನಡುಗುತ್ತಿದ್ದೆ, ಆದರೆ ನನ್ನ ಚಿತ್ರವನ್ನು ಯಾರೂ ತೆಗೆಯುತ್ತಿರಲಿಲ್ಲ.

ಮಿದುಳಿಗೇನೂ ಆಗಿಲ್ಲ, ಕತ್ತಿನ ನರ ಒತ್ತಿಕೊಂಡಿದೆ ಎಂದು ತಾವು ತೋರಿಸಿಕೊಟ್ಟಿದ್ದೀರಿ, ಅದಕ್ಕೆ ತಮಗೆ ನಿಜವಾಗಿಯೂ ಕೈಮುಗಿಯುತ್ತೇನೆ. ವ್ಯಾಯಾಮಕ್ಕೆ ಇನ್ನೂ ಕೆಲವು ತಿಂಗಳು ತಮ್ಮ ಮೇಲಿನ ಮಹಡಿಗೆ ಬರಬೇಕಂತೆ, ಹೊರರಾಜ್ಯದ ದರದಲ್ಲೇ. ಅಲ್ಲಿಯವರೆಗೆ ದಿನಾ ಬೆಳಿಗ್ಗೆ ಆಕೆಯ ಅಂಗೈ ಕೆಳಗೆ ನನ್ನ ಅಂಗೈ ಇಟ್ಟು ಕೂರುತ್ತೇನೆ. ಲಿಂಗ ಮುಟ್ಟದೆ ಕೈಗೆ ಕೈ ಕೊಡುವುದಕ್ಕೆ ಅಡ್ಡಿಯಿಲ್ಲವಂತೆ. ಈ ಸೇವೆಯನ್ನು ದಯವಿಟ್ಟು ತಮ್ಮ ಪ್ಯಾಕೇಜಿಗೆ ಸೇರಿಸಬಾರದು.

ಪೂರ್ತಿ ಹಣ ಕಟ್ಟಿರುವ,
ತಮ್ಮ ವಿಶ್ವಾಸಿ,
ರೇವಣಸಿದ್ದಪ್ಪ

ವಿ.ಸೂ.: ಮನೆಗೆ ಬಂದ ಕೂಡಲೇ ಕರಡಿಗೆ ಆಕೆಯ ಕೊರಳಿಗೇರಿತು. ತಾಳಿ ಇನ್ನೂ ನನ್ನ ಅಂಗಿಯ ಜೇಬಿನಲ್ಲೇ ಇದೆ. ನಿನ್ನೆ ನಾನಾಗಿಯೇ ತೆಗೆದು ನೆನಪಿಸಿದೆ. "ಅವರ ಬಿಲ್ಲು ಪೂರ್ತಿ ಮುಗೀಲಿ. ಆಮ್ಯಾಲೂ ಅದು ಅಡವು ಬೀಳ್ದೆ ನಿಮ್ ಜೇಬ್ನಾಗಿದ್ರೆ ಕಟ್ಟೀರಂತೆ" ಎಂದಳು.