ರಾಯಚೂರಿನ ನೌಕಾಪಡೆ

ಸಮುದ್ರ ಕಂಡವರು ಹಡಗು ಕಟ್ಟಿದರೆ ಅದರಲ್ಲಿ ಹೇಳುವಂಥದ್ದು ಏನೂ ಇರುವುದಿಲ್ಲ. ಸಮುದ್ರ ಕಾಣದವರು ಕಟ್ಟತೊಡಗಿದರೆ ಭಾನುವಾರಕ್ಕೊಂದರಂತೆ ಏನಾದರೂ ಆಗಿಯೇ ತೀರುತ್ತದೆ. ನಾವು ನಾಲ್ವರೂ ಕಾಣದವರು. ಆದದ್ದರಲ್ಲಿ ಕೆಲವನ್ನು ಇಲ್ಲಿ ಬರೆದಿದ್ದೇನೆ. ಹೆಸರು ಹಾಕಿಲ್ಲ. ನಾಲ್ವರೂ ಈಗಲೂ ಒಂದೇ ತಟ್ಟೆಯಲ್ಲಿ ಮಿರ್ಚಿ ಬಜ್ಜಿ ತಿನ್ನುವವರು.

ಖಾತೆ ಹಂಚಿಕೆ

ಆಟ ಕಂಪ್ಯೂಟರಿನದು. ಒಂದು ದೇಶ ಆರಿಸಿಕೊಂಡು ಅದರ ಕಾರ್ಖಾನೆ, ಸೈನ್ಯ, ರಸ್ತೆ, ರೈಲು, ಹಡಗು ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ಜತೆಗೆ ಎದುರಾಳಿಯ ದೇಶದೊಂದಿಗೆ ಯುದ್ಧ ಮಾಡಬೇಕು. ಹಡಗಿನ ಎಂಜಿನ್ ಯಾವುದು, ತೋಪು ಎಷ್ಟು, ಉಕ್ಕಿನ ಹೊದಿಕೆ ಎಷ್ಟು ದಪ್ಪ ಎಂಬುದನ್ನೂ ನಾವೇ ತೀರ್ಮಾನಿಸಬೇಕು. ಒಂದು ಆಟ ಮುಗಿಯಲು ತಿಂಗಳುಗಳೇ ಬೇಕು. ನಮ್ಮ ಎದುರಾಳಿಗಳು ಕಲಬುರಗಿಯ ಹುಡುಗರು. ಅವರು ಅಲ್ಲಿಂದ ಆಡುತ್ತಾರೆ, ನಾವು ಇಲ್ಲಿಂದ. ನಾವು ಆರಿಸಿಕೊಂಡ ದೇಶ ಒಂದು ದ್ವೀಪ. ಹಡಗು ಹೋದರೆ ದೇಶ ಹೋದಂತೆ.

ಆಡುವ ಜಾಗ ರಾಯಚೂರಿನಲ್ಲಿ ಒಬ್ಬ ಗೆಳೆಯನ ಮನೆಯ ಮಾಳಿಗೆ ಮೇಲಿನ ಕೋಣೆ. ಅವನೇ ಪ್ರಧಾನಿಯಾದ. ಚುನಾವಣೆ ಆಗಲಿಲ್ಲ. ಕೋಣೆ ಅವನದು, ಇನ್ವರ್ಟರ್ ಅವನದು. ರಾಯಚೂರಿನ ಬೇಸಿಗೆಯಲ್ಲಿ ಇನ್ವರ್ಟರ್ ಇದ್ದವನಿಗೆ ಬಹುಮತ ತಾನಾಗಿಯೇ ಬರುತ್ತದೆ.

ಮಾನ್ವಿಯ ಗೆಳೆಯ ಭೂಸೇನೆ ತೆಗೆದುಕೊಂಡ. ದೇವದುರ್ಗದ ಗೆಳೆಯನಿಗೆ ಕಾರ್ಖಾನೆ ಮತ್ತು ಉಕ್ಕು ಹೋಯಿತು. ಉಳಿದವನು ನಾನು.

"ನೀ ಫಿಜಿಕ್ಸ್ ಓದೀಯಲ್ಲ?" ಎಂದ ಪ್ರಧಾನಿ.

"ಓದೀನಿ."

"ತೇಲೋದು, ಮುಳುಗೋದು ಅದರಾಗ ಬರ್ತದಿಲ್ಲ?"

"ಬರ್ತದ."

"ಮುಗೀತು. ನೌಕಾಪಡಿ ನಿಂದು. ಆದ್ರ ಒಂದು ಮಾತು. ಕಲಬುರಗಿಯೋರು ನಮ್ಮ ಹಡಗು ಮುಳುಗಿಸಿದ್ರ ಖಾತಿ ನಿನ್ನ ಕೈಯಾಗ ಇರಂಗಿಲ್ಲ. ನಿನ್ನ ರಸ್ತಾಕ್ಕ ಹಾಕ್ತೀನಿ."

ನಾನು ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕ. ವರ್ಷವಿಡೀ ಬೇರೆಯವರ ಪ್ರಯೋಗಕ್ಕೆ ತಂತಿ ಜೋಡಿಸಿ ಕೊಡುತ್ತೇನೆ. ನನ್ನದೇ ಎನ್ನುವ ಪ್ರಯೋಗ ಈ ಹಡಗುಗಳೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಏನಾಗುತ್ತದೆ ನೋಡಿ, ಮತ್ತೆ ಒಂದನ್ನು ಬದಲಿಸುವುದು ನನ್ನ ಪದ್ಧತಿ. ಖಾತೆ ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ. ಅದರಲ್ಲೂ ರಸ್ತೆ ಖಾತೆಗೆ ಹೋಗುವುದು ಬೇಡವಾಗಿತ್ತು. ಗುಂಡಿ ಒತ್ತಿ ತಿಂಗಳುಗಟ್ಟಲೆ ಕಾಯುವುದೇ ಅಲ್ಲಿಯ ಕೆಲಸ. ಆಟ ತಯಾರಿಸಿದವರು ಯಾವ ದೇಶದವರೋ ತಿಳಿಯದು, ನಮ್ಮ ಜಿಲ್ಲೆಯನ್ನು ಒಮ್ಮೆ ನೋಡಿಕೊಂಡು ಹೋಗಿರಬೇಕು.

ಆ ದಂಡೆ

ದೇವದುರ್ಗದ ಗೆಳೆಯನ ಮನೆ ಅದೇ ತಾಲೂಕಿನ ಜಾಲಹಳ್ಳಿಯಲ್ಲಿ. ಮನೆತನ ಕುರಿ ಸಾಕುವವರದು. ಅವನು ದೇವದುರ್ಗದ ಒಂದು ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಭಾನುವಾರ ಮುಂಜಾನೆಯ ಬಸ್ಸಿಗೆ ರಾಯಚೂರಿಗೆ ಬರುತ್ತಾನೆ. ಅವನ ಒಪ್ಪಿಗೆಯಿಲ್ಲದೆ ಒಂದು ಮೊಳೆಯಷ್ಟು ಉಕ್ಕೂ ಸಿಗುತ್ತಿರಲಿಲ್ಲ.

ನನ್ನ ಮೊದಲ ಹಡಗಿನಲ್ಲಿ ದೊಡ್ಡ ಎಣ್ಣೆ ಟ್ಯಾಂಕು ಇತ್ತು. ಅವನು ಅದರ ಮೇಲೆ ಬೆರಳಿಟ್ಟ.

"ಇದು ಇಷ್ಟು ದೊಡ್ಡದು ಯಾಕ?"

"ದೂರ ಹೋಗಬೇಕಲ್ಲ."

"ಲೇ, ಕೃಷ್ಣಾದಾಗ ಹರಿಗೋಲು ನೋಡೀಯಿಲ್ಲ? ಈ ದಂಡಿಯಿಂದ ಆ ದಂಡಿಗೆ ಹೋಗ್ತದ, ತಿರುಗಿ ಬರ್ತದ. ಅದಕ್ಕ ಟಾಕಿ ಅದ ಏನು?"

ಟ್ಯಾಂಕಿಗೆ ಉಕ್ಕು ಮಂಜೂರಾಗಲಿಲ್ಲ. ಹಡಗುಗಳು ಮಾತ್ರ ಬಹಳ ಅಗ್ಗದಲ್ಲಿ ತಯಾರಾದವು. ಯುದ್ಧ ದೂರದ ನೀರಿನಲ್ಲಿ ನಡೆಯುತ್ತಿತ್ತು. ನಮ್ಮ ಹಡಗುಗಳು ಬಂದರಿನಿಂದ ಶಿಸ್ತಾಗಿ ಹೊರಟು, ಅರ್ಧ ದಾರಿಗೆ ಹೋಗಿ, ಎಣ್ಣೆ ಸಾಲದೆ ಶಿಸ್ತಾಗಿ ತಿರುಗಿ ಬರುತ್ತಿದ್ದವು. ಸಕ್ಕರೆ ಕಾಯಿಲೆಯವರು ಮುಂಜಾನೆ ಕೆರೆಯ ಕಡೆ ವಾಕಿಂಗ್ ಹೋಗಿ ಬಂದ ಹಾಗೆ.

ನಾನು ಅವನಿಗೆ ನಕ್ಷೆ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಆ ದಂಡಿ ಎಲ್ಲದ ಇದರಾಗ?"

"ಇಲ್ಲಿಂದ ಕಾಣಂಗಿಲ್ಲ."

"ಕಾಣಲಾರದ ದಂಡಿಗೆ ಹೋಗು ಅಂತ ಯಾರು ಹೇಳ್ಯಾರ ನಿನಗ?"

ಸೀಟು

ಮಾನ್ವಿಯ ಗೆಳೆಯನ ಅಪ್ಪ ಕಲ್ಲೂರಿನಿಂದ ಮಾನ್ವಿಗೆ ಟಂಟಂ ಓಡಿಸುತ್ತಾರೆ. ಮೂರು ಗಾಲಿಯ ಆ ಗಾಡಿಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದು ಗಾಡಿಯ ಮೇಲಲ್ಲ, ರಸ್ತೆಯಲ್ಲಿ ಎಷ್ಟು ಜನ ಕೈ ಮಾಡುತ್ತಾರೆ ಎಂಬುದರ ಮೇಲೆ ನಿಂತಿರುತ್ತದೆ.

ಎಣ್ಣೆ ಟ್ಯಾಂಕಿನ ಗಲಾಟೆ ಮುಗಿದ ಮೇಲೆ ನಾನು ಒಂದು ದೊಡ್ಡ ಹಡಗಿನ ನಕ್ಷೆ ಮಾಡಿದೆ. ಆಟದಲ್ಲಿ ಹಡಗಿನ ಮೈಮೇಲೆ ಚೌಕ ಚೌಕವಾಗಿ ಜಾಗಗಳಿರುತ್ತವೆ. ಬೇಕಾದರೆ ತೋಪು ಇಡಬಹುದು, ಇಲ್ಲವೇ ಖಾಲಿ ಬಿಡಬಹುದು. ಖಾಲಿ ಬಿಟ್ಟರೆ ಹಡಗು ಹಗುರಾಗಿ ಬೇಗ ಓಡುತ್ತದೆ. ನಾನು ಕೆಲವನ್ನು ಖಾಲಿ ಬಿಟ್ಟಿದ್ದೆ.

ಮಾನ್ವಿಯವನಿಗೆ ಅದನ್ನು ನೋಡಿ ಸಂಕಟವಾಯಿತು. "ಅಲ್ಲಲೇ, ಸೀಟು ಖಾಲಿ ಅದಾವ!"

"ಬೇಕಂತನ ಬಿಟ್ಟೀನಿ."

"ಖಾಲಿ ಸೀಟು ಹಾಕ್ಕೊಂಡು ಗಾಡಿ ಬಿಟ್ರ ಲುಕ್ಸಾನು."

ಭೂಸೇನೆಯ ಮಂತ್ರಿಯ ಬೆಂಬಲಕ್ಕೆ ಪ್ರಧಾನಿ ಬಂದ. ಇಬ್ಬರೂ ಸೇರಿ ಎಲ್ಲ ಚೌಕಗಳನ್ನೂ ತುಂಬಿದರು. ಮುಂದೆ ತೋಪು, ಹಿಂದೆ ತೋಪು, ಪಕ್ಕದಲ್ಲಿ ವಿಮಾನ ಹೊಡೆಯುವ ತೋಪು. ಉಳಿದ ಒಂದು ಚೌಕದಲ್ಲಿ ಏನಿಡಬೇಕೆಂದು ತಿಳಿಯದೆ ಸಮುದ್ರದೊಳಗೆ ಬಾಂಬು ಹುದುಗಿಸುವ ಯಂತ್ರ ಇಟ್ಟರು. ಹಡಗು ನೋಡಲು ಭವ್ಯವಾಗಿತ್ತು. ಬಂದರಿನಿಂದ ಹೊರಬರಲು ಮಾತ್ರ ಒಪ್ಪುತ್ತಿರಲಿಲ್ಲ.

ಕಲಬುರಗಿಯವರು ನಮ್ಮ ಸರಕು ಹಡಗುಗಳ ಮೇಲೆ ಬಿದ್ದರು. ನಮ್ಮ ದೊಡ್ಡ ಹಡಗು ಸಹಾಯಕ್ಕೆ ಹೊರಟಿತು. ಅದು ತಲುಪುವ ಹೊತ್ತಿಗೆ ಸರಕು ಮುಳುಗಿತ್ತು, ವೈರಿ ಮನೆ ಸೇರಿದ್ದ, ನೀರು ತಣ್ಣಗಾಗಿತ್ತು. ಕಲಬುರಗಿಯ ನಾಯಕ ಕರೆ ಮಾಡಿ ಕೇಳಿದ: "ಯಾಕ್ರಿ ರಾಯಚೂರು, ಇಷ್ಟು ತಡ?"

ಮಾನ್ವಿಯವನು ನಾಚಿಕೆಯಿಲ್ಲದೆ ಉತ್ತರ ಕೊಟ್ಟ. "ಸೀಟು ತುಂಬಿದ ಮ್ಯಾಲ ಬಿಟ್ಟೀವ್ರಿ."

ಮುಳುಗಿದ್ದು ಸರಕು ಹಡಗು, ಯುದ್ಧದ ಹಡಗಲ್ಲ. ಆದ್ದರಿಂದ ನನ್ನ ಖಾತೆ ಉಳಿಯಿತು.

ನಾಮಕರಣ

ಆ ಮೇಲೆ ಹೆಸರಿನ ಪ್ರಶ್ನೆ ಬಂತು. ಹಡಗು ಹೇಗೆ ಓಡುತ್ತದೆ ಎಂದು ಅದುವರೆಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಹೆಸರಿಗೆ ಒಂದಿಡೀ ಭಾನುವಾರ ಸಂಪುಟ ಸಭೆ ನಡೆಯಿತು.

ಅತಿ ದೊಡ್ಡದಕ್ಕೆ 'ರಾಯಚೂರು' ಎಂದು ಪ್ರಧಾನಿಯೇ ಇಟ್ಟುಬಿಟ್ಟ. ಜಿಲ್ಲಾ ಕೇಂದ್ರ ಎಂಬುದು ಕಾರಣ. ಎರಡನೆಯದಕ್ಕೆ 'ಮಾನ್ವಿ' ಎಂದಾಗ ದೇವದುರ್ಗದವನು ಉಕ್ಕಿನ ಸರಬರಾಜು ನಿಲ್ಲಿಸಿದ. ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದ ಇನ್ನೊಂದು ಹಡಗು ಕಟ್ಟಿ 'ದೇವದುರ್ಗ' ಎಂದು ಹೆಸರಿಟ್ಟ ಮೇಲೆ ಉಕ್ಕು ಮತ್ತೆ ಬಂತು. ಸಿಂಧನೂರಿನವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ಹೆಸರಿನ ಹಡಗೂ ಇಲ್ಲ.

ಎಲ್ಲ ಮುಗಿಯಿತು ಅನ್ನುವಾಗ ದೇವದುರ್ಗದವನು ಮತ್ತೆ ಕೈ ಎತ್ತಿದ. "ನಮ್ಮವ್ವನ ತವರು ಅರಕೇರಾ. ಅದಕ್ಕೊಂದು ಆಗಬೇಕು."

"ಹಡಗು ಉಳಿದಿಲ್ಲ," ಎಂದೆ.

"ಏನರ ಒಂದು ಕೊಡು."

ಹಳೆಯದೊಂದು ಜಲಾಂತರ್ಗಾಮಿ ಮೂಲೆಯಲ್ಲಿತ್ತು. ಅದನ್ನು ಕೊಟ್ಟೆವು.

ಮುಂದಿನ ವಾರ ಚಿಕ್ಕದೊಂದು ಚಕಮಕಿ ಆಯಿತು. 'ರಾಯಚೂರು' ಹೊಗೆಯಾಡುತ್ತ ಬಂತು. 'ಮಾನ್ವಿ' ಕುಂಟುತ್ತ ಬಂತು. 'ದೇವದುರ್ಗ' ಇವೆರಡರ ಹಿಂದೆ ಎಳೆಸಿಕೊಂಡು ಬಂತು. ಮೊದಲು ಯಾವುದಕ್ಕೆ ರಿಪೇರಿ ಎಂದು ಮತ್ತೆ ಸಭೆ. ಗದ್ದಲದ ನಡುವೆ ದೇವದುರ್ಗದವನು ಮೆಲ್ಲಗೆ ಕೇಳಿದ.

"ಅರಕೇರಾದ್ದು ಏನಾತು?"

"ಅದಕ್ಕೇನೂ ಆಗಿಲ್ಲ. ಯಾರ ಕಣ್ಣಿಗೂ ಬಿದ್ದಿಲ್ಲ."

ಅವನು ನಿಟ್ಟುಸಿರು ಬಿಟ್ಟ. "ಅರಕೇರಾಕ್ಕ ಅದು ರೂಢಿ ಅದ ಬಿಡು."

ವರ ನೋಡಲು ಬಂದವರು

ಈ ಚಕಮಕಿಯ ನಂತರ ಪ್ರಧಾನಿ ಕೊನೆಯ ಎಚ್ಚರಿಕೆ ಕೊಟ್ಟ. ಬರುವ ಭಾನುವಾರ ದೊಡ್ಡ ಯುದ್ಧ. ಅದರಲ್ಲಿ ದೊಡ್ಡ ಹಡಗುಗಳನ್ನು ಉಳಿಸಿದರೆ ನೌಕಾಪಡೆ ನನ್ನದು, ಇಲ್ಲವಾದರೆ ರಸ್ತೆ.

ಅದೇ ವಾರ ಮಾನ್ವಿಯಿಂದ ನಮ್ಮ ಮನೆಗೆ ಒಬ್ಬ ಹಿರಿಯರು ಬಂದರು. ಗುಡಿಯ ಪೂಜೆ ಅವರ ಮನೆತನದ್ದು. ಮಗಳಿಗೆ ವರ ನೋಡುತ್ತಿದ್ದರು. ಪ್ರಯೋಗಾಲಯದ ಸಹಾಯಕ ಎಂದರೆ ತೂಕ ಕಡಿಮೆಯಾದೀತೆಂದು ನಮ್ಮ ತಂದೆಗೆ ಅನ್ನಿಸಿತು.

"ಅಷ್ಟ ಅಲ್ಲರೀ," ಎಂದರು. "ಭಾನುವಾರ ನೌಕಾಪಡಿನೂ ನೋಡ್ಕೋತಾನ."

ಹಿರಿಯರು ನೆಟ್ಟಗೆ ಕೂತರು. "ಹೌದೇನಪಾ?"

ಸುಳ್ಳು ಹೇಳುವ ಹಾಗಿರಲಿಲ್ಲ. ತಂದೆಯ ಮುಖವನ್ನೂ ಉಳಿಸಬೇಕಿತ್ತು. "ಹೌದ್ರಿ. ಹಡಗಿನ ನಕ್ಷಾ ಮಾಡ್ತೀನಿ," ಎಂದೆ.

"ಪರ್ಮನೆಂಟೇನು?"

"ಈ ಭಾನುವಾರ ಗೊತ್ತಾಗ್ತದ್ರಿ."

"ಒಂದು ವ್ಯಾಳ್ಯಾ ಆಗದಿದ್ರ?"

"ರಸ್ತಾಕ್ಕ ಹಾಕ್ತಾರ್ರಿ."

ಹಿರಿಯರ ಮುಖ ಅರಳಿತು. "ಪಿಡಬ್ಲ್ಯುಡಿ ಏನು? ಅದು ಇನ್ನೂ ಛಲೋ!"

ಆಮೇಲೆ ನಾನೇ ಲ್ಯಾಪ್‌ಟಾಪ್ ತಂದು ಇದು ಆಟ ಎಂದು ವಿವರವಾಗಿ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ತಾಳ್ಮೆಯಿಂದ ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಚಹಾ ಕುಡಿದು ಎದ್ದು ಹೋಗುವಾಗ ತಂದೆಯ ಕೈ ಹಿಡಿದು ಸಮಾಧಾನ ಹೇಳಿದರು. "ಚಿಂತಿ ಮಾಡಬ್ಯಾಡ್ರಿ. ಹುಡುಗಗ ಚಟಾ ಏನೂ ಇಲ್ಲ, ಬರೇ ನೌಕಾಪಡಿ ಒಂದದ."

ವರ್ಗ

ದೊಡ್ಡ ಯುದ್ಧಕ್ಕೆ ಬೇಕಾದ ಹಡಗುಗಳ ನಕ್ಷೆಯನ್ನು ನಾನು ಯಾರನ್ನೂ ಕೇಳದೆ ಮಾಡಿದೆ. ಸಣ್ಣವು, ಆದರೆ ಬಹಳ. ಸಣ್ಣವೆಂದು ದೇವದುರ್ಗದವನು ಉಕ್ಕಿಗೆ ತಕರಾರು ಮಾಡಲಿಲ್ಲ. ಒಳ್ಳೆಯ ಎಂಜಿನ್, ಸಾಕಷ್ಟು ಎಣ್ಣೆ, ಹೆಸರಿಗೊಂದು ತೋಪು, ಉಳಿದ ಜಾಗದಲ್ಲಿ ನೀರೊಳಗೆ ಸಾಗಿ ಹೊಡೆಯುವ ಟಾರ್ಪಿಡೊ. ಲೆಕ್ಕ ಸರಳ. ವೈರಿಯ ದೊಡ್ಡ ಹಡಗು ಒಂದು ಸಲಕ್ಕೆ ಒಂದನ್ನೇ ಗುರಿ ಹಿಡಿಯಬಲ್ಲದು. ಅಷ್ಟರಲ್ಲಿ ಉಳಿದವು ಹತ್ತಿರ ಹೋಗಿರುತ್ತವೆ. ನಮ್ಮ ದೊಡ್ಡ ಹಡಗುಗಳು ದೂರದಲ್ಲೇ ನಿಲ್ಲಬೇಕು.

ಪ್ರಧಾನಿ ಮೂಗು ಮುರಿದ. "ಇದೇನಲೇ, ಹುಳದಂಗ ಅದಾವ. ಒಂದಕ್ಕರ ಕಳಾ ಇಲ್ಲ."

ಬದಲಿಸಲು ಹೊತ್ತಿರಲಿಲ್ಲ. ಅವತ್ತು ಕೋಣೆಯಲ್ಲಿ ಇನ್ನೊಬ್ಬರಿದ್ದರು. ಪ್ರಧಾನಿಯ ಅಕ್ಕನ ಗಂಡ. ದೇವದುರ್ಗದ ಕಡೆಯಿಂದ ಅತ್ತೆಯ ಮನೆಗೆ ಬಂದಿದ್ದ ಅವರಿಗೆ ಕೆಳಗೆ ಸೆಕೆ ತಡೆಯಲಾಗಿರಲಿಲ್ಲ. ಮೇಲೆ ಬಂದು ಫ್ಯಾನಿನ ಕೆಳಗೆ ಮಂಚದ ಮೇಲೆ ಕೂತು, ಒಗ್ಗರಣಿ ಮಂಡಕ್ಕಿ, ಮಿರ್ಚಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡಿದ್ದರು. ನಮ್ಮ ಕಡೆ ಬೆನ್ನು ಮಾಡಿದ್ದರು.

ಯುದ್ಧ ಶುರುವಾಯಿತು. ಕಲಬುರಗಿಯವರ ಹಡಗು ದೊಡ್ಡ ಕೋಟೆಯಂತೆ ಬಂತು. ನನ್ನ ಸಣ್ಣ ಹಡಗು ಒಂದು ಹೋಯಿತು. ಇನ್ನೊಂದು ಹೋಯಿತು. "ಬರ್ಕೋ, ರಸ್ತಾ ನಿಂದು," ಎಂದ ಮಾನ್ವಿಯವನು. ಅಷ್ಟರಲ್ಲಿ ಉಳಿದವು ಹತ್ತಿರ ಹೋಗಿದ್ದವು. ಟಾರ್ಪಿಡೊಗಳು ಹೊರಟವು. ಕೋಟೆ ಒಂದು ಪಕ್ಕಕ್ಕೆ ವಾಲಿತು, ಹೊಗೆ ಬಂತು, ಮುಳುಗಿತು. ಅದರ ಹಿಂದಿನದೂ ಮುಳುಗಿತು. ನಮ್ಮ ದೊಡ್ಡ ಹಡಗುಗಳ ಬಣ್ಣವೂ ಕೆಟ್ಟಿರಲಿಲ್ಲ.

ದೇವದುರ್ಗದವನು ನನ್ನನ್ನು ಕುರ್ಚಿ ಸಮೇತ ಎತ್ತಿದ. ಕಲಬುರಗಿಯ ನಾಯಕ ಕರೆ ಮಾಡಿದ.

"ಭಾಳ ಛಲೋ ಹಡಗು ಅವ. ಯಾರು ಮಾಡಿದ್ದು ಅವನ್ನ?"

"ನಮ್ಮ ಸರ್ಕಾರ," ಎಂದು ಪ್ರಧಾನಿ ಫೋನು ಇಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು ಎದ್ದು ನಿಂತ. "ಈ ಗೆಲುವಿಗೆ ನನ್ನ ನಾಯಕತ್ವ ಕಾರಣ, ಇವನ ಉಕ್ಕು ಕಾರಣ, ಅವನ ಸೈನ್ಯ ಕಾರಣ."

ಭೂಸೇನೆ ಅವತ್ತು ದ್ವೀಪ ಬಿಟ್ಟು ಕದಲಿರಲಿಲ್ಲ. ಆದರೂ ಮಾನ್ವಿಯವನು ಕೈ ಮುಗಿದ.

"ಇನ್ನ ನೀನು," ಎಂದು ಪ್ರಧಾನಿ ನನ್ನ ಕಡೆ ತಿರುಗಿದ. "ಭಾಳ ದಕ್ಷ ಕೆಲಸ ಮಾಡೀದಿ. ಅದಕ್ಕ ನಿನ್ನ ರೈಲ್ವೆಕ್ಕ ಹಾಕೀನಿ."

ನನಗೆ ಅರ್ಥವಾಗಲಿಲ್ಲ. "ಸೋತ್ರ ತೆಗೀತೀನಿ ಅಂದಿದ್ದಿ. ನಾ ಗೆದ್ದೀನಲ್ಲ?"

"ಸೋತಿದ್ರ ತೆಗೀತಿದ್ದೆ. ಗೆದ್ದದ್ದಕ್ಕ ವರ್ಗ ಮಾಡೀನಿ. ಎರಡೂ ಬ್ಯಾರೆ ಬ್ಯಾರೆ."

"ನಮ್ಮದು ದ್ವೀಪ. ಇಡೀ ದೇಶದಾಗ ಹಳಿ ಒಂದೂ ಇಲ್ಲ."

"ಅದಕ್ಕ ನಿನ್ನಂಥಾ ದಕ್ಷ ಮನಷಾ ಬೇಕು ಅಲ್ಲಿ."

ಗೆಳೆಯರ ಕಡೆ ನೋಡಿದೆ. ಒಬ್ಬ ನೆಲ ನೋಡಿದ, ಒಬ್ಬ ಮಿರ್ಚಿ ನೋಡಿದ. ಯಾರ ಮಂತ್ರಿಗಿರಿಯೂ ಗಟ್ಟಿಯಲ್ಲವೆಂದು ಇಬ್ಬರಿಗೂ ಆಗಷ್ಟೇ ಹೊಳೆದಿರಬೇಕು.

"ಮತ್ತ ನೌಕಾಪಡಿ ಯಾರಿಗೆ?" ಎಂದೆ.

ಪ್ರಧಾನಿ ಮಂಚದ ಕಡೆ ತಿರುಗಿ ಕೂಗಿದ. "ಮಾಮಾ, ಇತ್ತ ಬರ್ರಿ."

ಅಕ್ಕನ ಗಂಡ ತಟ್ಟೆ ಕೆಳಗಿಟ್ಟು, ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡು ಎದ್ದು ಬಂದರು. ನಾನು ಕುರ್ಚಿ ಬಿಟ್ಟುಕೊಟ್ಟೆ. ಅವರು ಕೂತು, ಪರದೆಯನ್ನು ಎಡದಿಂದ ಬಲಕ್ಕೆ ಒಮ್ಮೆ ಗಂಭೀರವಾಗಿ ನೋಡಿದರು.

"ಈ ನೀಲಿ ಬಣ್ಣದ್ದು ಏನ್ರಿ ಇದು?"

"ಸಮುದ್ರ," ಎಂದೆ.

ಅಧಿಕಾರ ಹಸ್ತಾಂತರ ಅಲ್ಲಿಗೆ ಮುಗಿಯಿತು.