ಎಂಥ ಶಾಂತ ಮುಖ!

ಚಪ್ಪಲಿ ಅಂಗಡಿಯ ಡೈಲಾಗಣ್ಣನ ಬಳಿ ತನ್ನದೊಂದು ನೆಟ್ಟಗಿನ ಫೋಟೋ ಇರಲಿಲ್ಲ. ಇದ್ದ ಒಂದರಲ್ಲೂ ಅರ್ಧ ಮುಖವನ್ನು ಯಾರದೋ ಮೊಣಕೈ ನುಂಗಿತ್ತು. ಆ ದಿನದ ರಗಳೆಯೆಲ್ಲ ಶುರುವಾದದ್ದು ಅಲ್ಲಿಂದ.

ದಿನವಿಡೀ ಮಂಡಿಯೂರಿ ಕಂಡವರ ಪಾದಕ್ಕೆ ಚಪ್ಪಲಿ ತೊಡಿಸುವ ಅವನಿಗೆ, ಜನ ಒಮ್ಮೆಯಾದರೂ ತನ್ನ ಮುಖ ನೋಡಬೇಕೆಂಬ ಆಸೆ. ಗಿರಾಕಿಗಳ ಮುಂದೆಯೂ ನಾಟಕದ ಮಾತು ಒಗೆಯುತ್ತಿದ್ದುದರಿಂದ ಆ ಅಡ್ಡಹೆಸರು ಬಿದ್ದಿತ್ತು. ಈಗ ಟಿವಿ ಧಾರಾವಾಹಿಯವರು ಹೊಸ ಮುಖ ಹುಡುಕುತ್ತಿದ್ದರು. ಸಂಜೆಯೊಳಗೆ ಒಳ್ಳೆಯ ಫೋಟೋ ತಂದುಕೊಡಬೇಕಿತ್ತು.

“ಇದೇ ಕೊನೇ ಸಲ. ಈ ಸಲಾನೂ ಆಗ್ಲಿಲ್ಲ ಅಂದ್ರೆ ನಾಟಕ ಗೀಟಕ ಅಂತ ಬಾಯಿ ಬಿಡಬಾರದು,” ಎಂದಳು ಹೆಂಡತಿ. ಅವನು ಒಪ್ಪಿದ. ಒಪ್ಪದೆ ವಿಧಿಯಿರಲಿಲ್ಲ.

“ಫೋಟೋ ಚಿಂತೆ ನಂಗೆ ಬಿಡಿ ಭಾವ,” ಎಂದ ಹೆಂಡತಿಯ ತಮ್ಮ. ಯಾರೂ ಕೇಳದಿದ್ದರೂ ಸಹಾಯ ಮಾಡುವುದು ಅವನ ಹುಟ್ಟುಗುಣ. “ಆಸ್ಪತ್ರೆ ಹಿಂದೆ ಒಂದು ಸ್ಟುಡಿಯೋ ಇದೆ. ಅಲ್ಲಿನ ಫೋಟೋದಲ್ಲಿರೋರು ಒಬ್ರೂ ಇದುವರೆಗೆ ಚೆನ್ನಾಗಿಲ್ಲ ಅಂದಿಲ್ಲ.”

ಸ್ಟುಡಿಯೋದೊಳಗೆ ಕಾಲಿಟ್ಟರೆ ಮೈ ತಣ್ಣಗಾಯಿತು. ನಾಲ್ಕೂ ಗೋಡೆಯ ತುಂಬ ದೊಡ್ಡ ದೊಡ್ಡ ಮುಖಗಳು. ಅಷ್ಟೂ ಮುಖಗಳು ಬಾಗಿಲಲ್ಲಿ ನಿಂತ ಇವನನ್ನೇ ನೋಡುತ್ತಿದ್ದವು, ತಡವಾಗಿ ಬಂದ ನೆಂಟನನ್ನು ನೋಡುವಂತೆ.

ಫೋಟೋದವನು ಇವನ ಗಲ್ಲ ಹಿಡಿದು ತಿರುಗಿಸಿದ. “ಬೆಚ್ಚಗಿದೀರಿ,” ಎಂದ, ಅದೇ ಏನೋ ಅನನುಕೂಲವೆಂಬಂತೆ.

“ಬೆಚ್ಚಗಿರದೆ ಮತ್ತೆ?”

“ಬೇಜಾರ್ ಮಾಡ್ಕೋಬೇಡಿ. ಇಲ್ಲಿಗೆ ಯಾರೂ ನಡ್ಕೊಂಡು ಬರಲ್ಲ. ಮನೆಯವರು ಹಳೇ ಫೋಟೋ ತರ್ತಾರೆ, ನಾನು ತಿದ್ದಿ ದೊಡ್ಡದು ಮಾಡಿ ಕೊಡ್ತೀನಿ. ಉಸಿರಾಡೋ ಗಿರಾಕಿ ಬಂದು ಎಷ್ಟು ಕಾಲ ಆಯ್ತೋ!”

ಡೈಲಾಗಣ್ಣ ಎದ್ದ. ಫೋಟೋದವನು ಮೆಲ್ಲಗೆ ಕೂರಿಸಿದ. “ನಗ್ಬೇಡಿ. ಯಾರನ್ನೂ ನೆನೀಬೇಡಿ. ಇನ್ಮೇಲೆ ಮಾಡೋ ಕೆಲಸ ಒಂದೂ ಬಾಕಿ ಇಲ್ಲ ಅಂದ್ಕೊಳ್ಳಿ. ಹಾಂ... ಹಂಗೇ.”

ಫೋಟೋ ಕೈಗೆ ಬಂದಾಗ ಇವನೇ ಅದನ್ನು ಎರಡೆರಡು ಸಲ ನೋಡಿದ. ಕಣ್ಣಲ್ಲಿ ತಿಳಿ ಬೆಳಕು, ಹಣೆಯಲ್ಲಿ ಒಂದೂ ಗೆರೆಯಿಲ್ಲ. ಆದರೆ ಗಾಜು, ಚೌಕಟ್ಟು ಎಲ್ಲ ಹಾಕಿಯಾಗಿತ್ತು. ಕೆಳಗೆ ಹುಟ್ಟಿದ ವರ್ಷ, ಅದರ ಪಕ್ಕ ಒಂದು ಅಡ್ಡಗೆರೆ, ಆಮೇಲೆ ಖಾಲಿ ಜಾಗ.

“ಇದೇನ್ರೀ ಇದು?”

“ಅಭ್ಯಾಸಬಲ ಸಾರ್. ಇರಲಿ ಬಿಡಿ, ಆಮೇಲೆ ಮನೆಯವರು ತಂದ್ರೆ ತುಂಬಿಸಿಕೊಡ್ತೀನಿ.”

ಬಸ್ಸಿನಲ್ಲಿ ಜನ ಎದ್ದು ಸೀಟು ಕೊಟ್ಟರು. ಪಕ್ಕದ ಅಜ್ಜಿ ತೊಡೆಯ ಮೇಲಿನ ಫೋಟೋ ನೋಡಿ ಲೊಚಗುಟ್ಟಿದಳು. “ಎಂಥ ಶಾಂತ ಮುಖ! ನಿಮಗೇನಾಗಬೇಕಪ್ಪಾ ಇವರು?”

“ನಾನೇ ಅಜ್ಜಿ.”

ಅಜ್ಜಿ ಫೋಟೋ ನೋಡಿದಳು, ಇವನನ್ನು ನೋಡಿದಳು, ಎದ್ದು ಹಿಂದಿನ ಸೀಟಿಗೆ ಹೋದಳು.

ಅಂಗಡಿಯಲ್ಲಿ ಯಜಮಾನ ಫೋಟೋ ಕಂಡೊಡನೆ ಗಲ್ಲಾ ಬಿಟ್ಟು ಎದ್ದು ನಿಂತ. ಅವನು ಯಾರಿಗೂ ಎದ್ದವನಲ್ಲ. “ಮೃದು ಮನುಷ್ಯ,” ಎಂದ. “ಒಂದು ದಿನಾನೂ ಗಿರಾಕಿ ಕಾಲಿಗೆ ನೋವು ಮಾಡಿದವನಲ್ಲ. ಇದ್ದಾಗ ನಮಗೆ ಬೆಲೆ ಗೊತ್ತಾಗ್ಲಿಲ್ಲ.”

“ಇದ್ದಾಗ ಅಂದ್ರೆ? ಇಲ್ಲೇ ಇದೀನಲ್ಲ ಸಾರ್!”

“ಶ್! ಎದುರಿಗೇ ಹಂಗೆಲ್ಲ ಕೂಗಾಡಬಾರದು,” ಎಂದು ಯಜಮಾನ ಫೋಟೋ ಕಡೆ ಕಣ್ಣು ತೋರಿಸಿದ.

ಮನೆಯಲ್ಲಿ ಇನ್ನೂ ಕಷ್ಟ. ಹೆಂಡತಿ ಚೌಕಟ್ಟನ್ನು ಎದುರಿಗಿಟ್ಟುಕೊಂಡು ಸೆರಗಿನಿಂದ ಗಾಜು ಒರೆಸಿದಳು. “ನಿಮ್ಮನ್ನ ನಾನು ಸರಿಯಾಗಿ ನೋಡೇ ಇರಲಿಲ್ಲ ಕಣ್ರೀ,” ಎಂದು ಬಿಕ್ಕಿದಳು, ಹೇಳಿದ್ದು ಗಾಜಿಗೆ. ಅಳು ಕೇಳಿ ಎದುರುಮನೆಯಾಕೆ ಓಡಿಬಂದಳು.

“ಅಯ್ಯೋ, ಯಾವಾಗ? ನಿನ್ನೆ ಕೂಡ ಕೆಮ್ಮಿದ್ದು ಕೇಳಿಸ್ತಲ್ಲ!”

“ನಾನಿಲ್ಲೇ ನಿಂತಿದೀನಿ,” ಎಂದ ಡೈಲಾಗಣ್ಣ.

“ಸ್ವಲ್ಪ ಸುಮ್ನಿರ್ರೀ, ಅವಳು ಮನಸಾರೆ ಅತ್ಕೊಳ್ಲಿ,” ಎಂದು ಆಕೆ ಗದರಿದಳು. ಅವನಿಗೆ ಯಾಕೋ ತನ್ನ ಮಣಿಕಟ್ಟು ಮುಟ್ಟಿ ನೋಡಿಕೊಳ್ಳಬೇಕೆನಿಸಿತು. ನಾಡಿ ಇತ್ತು. ಸದ್ಯ!

ಹೆಂಡತಿಯ ಕೈಯಿಂದ ಫೋಟೋ ಕಿತ್ತುಕೊಂಡು ಧಾರಾವಾಹಿಯ ಆಫೀಸಿಗೆ ಓಡಿದ. ಪಾತ್ರ ಆರಿಸುವ ಹೆಂಗಸು ಆಗಲೇ ಇಪ್ಪತ್ತು ಮುಖಗಳನ್ನು ಮೂಲೆಗೆ ಎಸೆದಿದ್ದಳು. ಇದನ್ನು ಕಂಡು ಕೈಯಲ್ಲಿದ್ದ ಟೀ ಕಪ್ಪು ಕೆಳಗಿಟ್ಟಳು. ನಿರ್ದೇಶಕನನ್ನು ಕರೆದಳು. ಅವನು ಉಳಿದವರನ್ನು ಕರೆದ. ಎಲ್ಲರೂ ಸುತ್ತ ನಿಂತರು.

“ಇವರೇ,” ಎಂದ ನಿರ್ದೇಶಕ. “ನಮ್ಮ ಕತೆಯ ಮನೆ ಯಜಮಾನರು. ಪ್ರತಿ ಕಂತಲ್ಲೂ ಇರ್ತಾರೆ. ಯಾರಿಗೆ ಕಷ್ಟ ಬಂದ್ರೂ ಇವರ ಮುಂದೇನೇ ನಿಂತು ಅಳೋದು.”

ಡೈಲಾಗಣ್ಣ ಒಂದು ಹೆಜ್ಜೆ ಮುಂದೆ ಬಂದ. “ಮಾತು ಜಾಸ್ತಿ ಇದೆಯಾ ಸಾರ್?”

“ಒಂದೂ ಇಲ್ಲ. ಬರೀ ನೋಟ.”

“ನೋಟದಲ್ಲೇ ತೋರಿಸ್ತೀನಿ ಸಾರ್! ನಾಳೆ ಎಷ್ಟು ಹೊತ್ತಿಗೆ ಬರಲಿ?”

“ನೀವ್ಯಾಕೆ?” ಎಂದ ನಿರ್ದೇಶಕ, ಅವನನ್ನು ಆಗಷ್ಟೇ ಕಂಡವನಂತೆ. “ಕತೆ ಶುರುವಾಗೋ ಮುಂಚೇನೇ ಯಜಮಾನರು ತೀರ್ಕೊಂಡಿರ್ತಾರೆ. ಫೋಟೋ ಇಟ್ಟು ಹೋಗಿ.”

“ಹಾಗಾದ್ರೆ ನಂಗೆ ಬೇರೆ ಯಾವ್ದಾದ್ರೂ ಸಣ್ಣ ಪಾತ್ರ... ಡ್ರೈವರು, ಪೋಸ್ಟ್‌ಮ್ಯಾನು?”

“ಅಯ್ಯೋ, ಬೇಡವೇ ಬೇಡ!” ಎಂದಳು ಹೆಂಗಸು. “ಸತ್ತ ಯಜಮಾನರು ಬಂದು ಟಪಾಲು ಕೊಟ್ರೆ ಜನ ಏನಂತಾರೆ? ಬೇರೆಯವರ ಧಾರಾವಾಹೀಲೂ, ನಾಟಕದಲ್ಲೂ ಕಾಣಿಸ್ಕೋಬೇಡಿ. ಇದು ಮುಗಿಯೋವರೆಗೆ.”

“ಯಾವಾಗ ಮುಗಿಯುತ್ತೆ?”

“ಜನ ಅಳೋದು ನಿಲ್ಲಿಸಿದಾಗ.”

ಆಗಲೇ ಫೋಟೋ ಗೋಡೆ ಏರಿತ್ತು. ಕೆಳಗೆ ನಿಂತವರೆಲ್ಲ ತಾವಾಗಿಯೇ ತಲೆ ತಗ್ಗಿಸಿದರು. ಡೈಲಾಗಣ್ಣ ಜೀವಮಾನದ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಬಾಗಿಲನ್ನು ದಡಾರನೆ ಎಳೆದುಕೊಳ್ಳಲು ಹೊರಟ.

“ರೀ, ಮೆತ್ತಗೆ!” ಎಂದು ಒಳಗಿನಿಂದ ಪಿಸುದನಿ ಬಂತು. “ಯಜಮಾನರು ಅಲ್ಲಾಡ್ತಾರೆ.”

ಅವನು ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡ, ಹೊರಗಿನಿಂದ.