ಇಬ್ಬರು ಸೊಸೆಯರ ಸೋಬಾನೆಗೆ ನಾನೆಳೆದ ಗೆರೆಗಳು

ಹೆದರುವವನಿಗೇ ಇಂಥವೆಲ್ಲ ಬಂದು ಗಂಟು ಬೀಳುತ್ತವೆ. ದೇವನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ನನ್ನದೊಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಇದೆ. ತಲೆ ಮೇಲೆ ವಿಮಾನ ಹೋದಾಗಲೆಲ್ಲ ಹಾಡುವವರನ್ನು ನಿಲ್ಲಿಸಿ, ಅದು ಹೋಗುವವರೆಗೆ ಉಸಿರು ಬಿಗಿಹಿಡಿದು ಕೂರುವುದು ನನ್ನ ಅರ್ಧ ಕೆಲಸ. ಇನ್ನರ್ಧ ಗೆರೆ ಎಳೆಯುವುದು. ಕಂಪ್ಯೂಟರಿನಲ್ಲಿ ಪ್ರತಿ ದನಿಯ ಕೆಳಗೂ ಒಂದು ಗೆರೆ ಇರುತ್ತದೆ. ಅದನ್ನು ಎತ್ತಿದರೆ ದನಿ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಇನ್ನೊಂದು ಗೆರೆ ದನಿಯನ್ನು ಎಡದ ಸ್ಪೀಕರಿಗೂ ಬಲದ ಸ್ಪೀಕರಿಗೂ ಓಡಾಡಿಸುತ್ತದೆ. ಇದಕ್ಕೆ ಆಟೋಮೇಷನ್ ಅನ್ನುತ್ತಾರೆ. ಹೆಸರು ಕೇಳಿದವರು ಎಲ್ಲ ತಾನಾಗಿಯೇ ಆಗುತ್ತದೆ ಅಂದುಕೊಳ್ಳುತ್ತಾರೆ. ನನ್ನ ಸ್ಟುಡಿಯೋದಲ್ಲಿ ತಾನಾಗಿಯೇ ಆಗುವುದು ನನ್ನ ಎದೆಬಡಿತವೊಂದೇ.

೧. ಯಜಮಾನರ ಗೆರೆ

ನಲ್ಲೂರಿನ ಯಜಮಾನರೊಬ್ಬರು ಬಂದರು. ಕೊನೆಯ ಮಗಳ ಮದುವೆ. ಅರಿಶಿನ ಶಾಸ್ತ್ರದ ಹೊತ್ತಿಗೆ ಛತ್ರದಲ್ಲಿ ತಮ್ಮ ಇಬ್ಬರು ಸೊಸೆಯರು ಹಾಡಿದ ಸೋಬಾನೆ ಪದವೇ ಕೇಳಬೇಕಂತೆ. ತೊಂದರೆ ಏನೆಂದರೆ, ಮನೆ ಭಾಗವಾದಾಗಿನಿಂದ ಆ ಇಬ್ಬರಿಗೂ ಮಾತಿಲ್ಲ. ಹಾಡಾದರೂ ಒಟ್ಟಿಗೆ ಕೂರಿಸಲಿ ಅನ್ನುವುದು ಮುದುಕರ ಆಸೆ.

"ನೋಡಪ್ಪಾ, ಒಬ್ಬಳ ದನಿ ಕೂದಲೆಳೆ ಜಾಸ್ತಿ ಆದ್ರೂ ಇನ್ನೊಬ್ಬಳು ಛತ್ರದಿಂದ ಎದ್ದು ಹೋಗ್ತಾಳೆ. ನನ್ ಮರ್ಯಾದೆ ನಿನ್ ಕೈಲಿದೆ" ಅಂದರು.

ನಾನು ಎರಡೂ ಕೈಗಳನ್ನು ಜೇಬಿಗೆ ಇಳಿಸಿಕೊಂಡೆ.

ಮೊದಲಿಗೆ, ಪದಕ್ಕೆ ಮುಂಚೆ ಹಾಕಲೆಂದು, ಅವರದೇ ಒಂದು ಶ್ಲೋಕ ರೆಕಾರ್ಡ್ ಮಾಡಿದೆ. ಅವರು ಮೈಕಿನ ಹತ್ತಿರ ಬಂದು, ದೂರ ಸರಿದು ಹೇಳಿದ್ದರಿಂದ, ಗೆರೆಯನ್ನು ಪದಪದಕ್ಕೂ ಏರಿಸಿ ಇಳಿಸಿ, ಕೊನೆಗೆ ದನಿ ಮೆಲ್ಲನೆ ಕರಗಲಿ ಅಂತ ತಳಕ್ಕೆ ಮಲಗಿಸಿದ್ದೆ. ಯಜಮಾನರು ಹಿಂದೆ ನಿಂತು ನೋಡಿದರು. ಹೋದ ವರ್ಷವಷ್ಟೇ ಎದೆಗೆ ಸ್ಟೆಂಟ್ ಹಾಕಿಸಿಕೊಂಡವರು. ಆಸ್ಪತ್ರೆಯಲ್ಲಿ ಇಂಥದೇ ಗೆರೆ ದಿನವೆಲ್ಲ ನೋಡಿಬಂದಿದ್ದರು.

ಇದು ಯಾರದು ಅಂತ ಸಣ್ಣ ದನಿಯಲ್ಲಿ ಕೇಳಿದರು. ನಿಮ್ಮದೇ ಅಂದೆ. ಕೊನೆಯಲ್ಲಿ ಯಾಕೆ ಮಲಗಿಬಿಟ್ಟಿದೆ ಅಂದರು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, "ಎಲ್ಲಾರ್ದೂ ಕೊನೇಲಿ ಹಂಗೇ ಯಜಮಾನ್ರೇ."

ಅವರು ಅಲ್ಲೇ ಸೋಫಾದಲ್ಲಿ ಕೂತುಬಿಟ್ಟರು. ನೀರು ಕೊಟ್ಟು, ಗೆರೆಯನ್ನು ಮೇಲಕ್ಕೆತ್ತಿ ತೋರಿಸಿದ ಮೇಲೆಯೇ ಎದ್ದದ್ದು. ಅವರ ಶ್ಲೋಕ ಇವತ್ತಿಗೂ ಕರಗುವುದಿಲ್ಲ, ಕೊನೆಯ ಅಕ್ಷರವನ್ನು ಗಟ್ಟಿಯಾಗಿ ಕೂಗಿ ನಿಲ್ಲುತ್ತದೆ.

೨. ಒಂದು ಬೆರಳು

ಸೊಸೆಯರು ಬೇರೆ ಬೇರೆ ದಿನ ಬಂದರು. ದೊಡ್ಡವರು ಸೋಮವಾರ ಬಂದು ಸೊಲ್ಲು, ಅಂದರೆ ಪದದ ಮೊದಲ ಸಾಲುಗಳನ್ನು, ಎತ್ತಿ ಹಾಡಿಹೋದರು. ಚಿಕ್ಕವರು ಮಂಗಳವಾರ ಬಂದು, ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತ ಪ್ರತಿ ಸೊಲ್ಲಿಗೂ ಉತ್ತರವಾಗಿ ತಿರುಗಿ ಹಾಡಿದರು. ಮುಗಿದ ಮೇಲೆ ಸ್ಕ್ರೀನಿನ ಹತ್ತಿರ ಬಂದು ಎರಡು ಗೆರೆಗಳಿಗೂ ಬೆರಳಿಟ್ಟು ಅಳೆದರು. ಭಾಗದ ದಿನ ಸರ್ವೆಯವರ ಹಿಂದೆಯೇ ಓಡಾಡಿದ್ದವರು.

"ಅಕ್ಕನ್ ಗೆರೆ ನಂದಕ್ಕಿಂತ ಒಂದು ಬೆರಳು ಮೇಲೈತೆ."

ಸಮ ಮಾಡಿದೆ. ಮರುದಿನ ದೊಡ್ಡವರು ಕೇಳಲು ಬಂದರು. ಅವರು ಗೆರೆಯ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿ, ತಮ್ಮ ದನಿ ಬಾವಿಯೊಳಗಿಂದ ಬಂದ ಹಾಗಿದೆ ಅಂದರು. ಒಬ್ಬರಿಗೆ ಕಣ್ಣಲ್ಲಿ ಸಮ ಬೇಕು, ಇನ್ನೊಬ್ಬರಿಗೆ ಕಿವಿಯಲ್ಲಿ. ಕೊನೆಗೆ ಕಿವಿಗೆ ಬೇಕಾದ ಹಾಗೆ ದೊಡ್ಡವರ ದನಿ ಏರಿಸಿ, ಚಿಕ್ಕವರು ಅಳೆಯಲು ಬಂದಾಗ, ದನಿ ಮುಟ್ಟದೆ, ಅವರದೇ ಗೆರೆಯನ್ನು ಸ್ಕ್ರೀನಿನಲ್ಲಿ ಮಾತ್ರ ಹಿಗ್ಗಿಸಿ ತೋರಿಸಿದೆ. ಅವರು ಅಳೆದು, ಈಗ ಅಕ್ಕನಿಗೆ ಅನ್ಯಾಯವಾಯಿತು ಅಂತ ಬಹಳ ಸಂತೋಷದಿಂದ ಹೋದರು.

೩. ಎಡ, ಬಲ

ಆದರೆ ಛತ್ರದಲ್ಲಿ ಅಳೆಯಲು ಗೆರೆ ಇರುವುದಿಲ್ಲ, ಕಿವಿ ಮಾತ್ರ. ನನಗೆ ಊಟ ಸೇರಲಿಲ್ಲ. ಆಗ ಹೊಳೆಯಿತು. ಯಜಮಾನರು ಹೇಳಿದ್ದ ಹಾಗೆ ದೊಡ್ಡವರು ತಮ್ಮ ತವರಿನವರ ಜೊತೆ ಛತ್ರದ ಎಡಗಡೆ ಕೂರುತ್ತಾರೆ, ಚಿಕ್ಕವರು ತಮ್ಮವರ ಜೊತೆ ಬಲಗಡೆ. ಓಡಾಡಿಸುವ ಗೆರೆ ಎಳೆದು ದೊಡ್ಡವರ ದನಿಯನ್ನು ಪೂರ್ತಿ ಎಡದ ಸ್ಪೀಕರಿಗೆ, ಚಿಕ್ಕವರದನ್ನು ಪೂರ್ತಿ ಬಲಕ್ಕೆ ಕಳಿಸಿದೆ. ಇಬ್ಬರಿಗೂ ತಮ್ಮದೇ ಜೋರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಶಾಸ್ತ್ರದ ಬೆಳಿಗ್ಗೆ ಪದ ಶುರುವಾಯಿತು. ದೊಡ್ಡವರ ಕಡೆ ಮೊಳಗಿದ್ದು ಚಿಕ್ಕವರ ದನಿ. ನಾನು ವೇದಿಕೆಯ ಕಡೆ ಮುಖ ಮಾಡಿ ಎಡ ಬಲ ಲೆಕ್ಕ ಹಾಕಿದ್ದೆ. ಮೈಕ್‌ಸೆಟ್ಟಿನವರು ವೇದಿಕೆಯ ಮೇಲೆ ನಿಂತು, ಜನರ ಕಡೆ ಮುಖ ಮಾಡಿ ವೈರು ಎಳೆದಿದ್ದರು. ದೊಡ್ಡವರು ಎದ್ದು ನಿಂತರು. ಅತ್ತ ಚಿಕ್ಕವರೂ ಎದ್ದರು. ಯಜಮಾನರು ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಕಂಬದ ಹಿಂದೆ ಸರಿದು ಚಪ್ಪಲಿ ಹುಡುಕತೊಡಗಿದೆ.

ಆದರೆ ದೊಡ್ಡವರ ಕಡೆ ಕೇಳುತ್ತಿದ್ದದ್ದು ಉತ್ತರ ಮಾತ್ರ. ಸೊಲ್ಲೇ ಇಲ್ಲದೆ ಉತ್ತರ ಕೇಳಿಸಿಕೊಂಡು ಯಾವ ಸೋಬಾನೆಯವಳು ಸುಮ್ಮನಿರುತ್ತಾಳೆ? ತಡೆಯಲಾರದೆ ಅವರೇ ಸೊಲ್ಲು ಎತ್ತಿದರು. ಚಿಕ್ಕವರ ಕಡೆ ಬರೀ ಸೊಲ್ಲು ಬರುತ್ತಿತ್ತು, ಉತ್ತರವಿಲ್ಲ. ಎತ್ತಿದ ಸೊಲ್ಲನ್ನು ಹಾಗೇ ಬಿಡುವುದು ಅಪಶಕುನ. ಅವರು ತಿರುಗಿ ಹಾಡಿದರು. ಮೂರನೆಯ ಸೊಲ್ಲಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಡುವಿನ ಕುರ್ಚಿಗಳನ್ನು ಸರಿಸುತ್ತ, ಹತ್ತಿರ ಬರುತ್ತ ಹಾಡುತ್ತಿದ್ದರು. ನನ್ನ ಕಣ್ಣು ತುಂಬಿಬಂತು. ಎಷ್ಟು ದಿನದ ಕೆಲಸ, ಎಷ್ಟು ಗೆರೆ!

ಯಜಮಾನರು ಕಂಬದ ಹಿಂದೆ ಬಂದು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣೂ ಒದ್ದೆಯಾಗಿತ್ತು.

"ಪುಣ್ಯ ಕಟ್ಕೊಂಡೆ ಕಣಪ್ಪಾ. ಇನ್ನು ಆ ನಿನ್ ಹಾಡು ಆಫ್ ಮಾಡು, ಇವರ್ದು ಸರಿಯಾಗಿ ಕೇಳಿಸ್ತಿಲ್ಲ."